ವಾಹನ ಚಾಲನೆ ಮತ್ತು ಪ್ರಜ್ಞಾಪರಾಧ

ಕಳೆದ ಸಂಚಿಕೆಯಲ್ಲಿ ಸಂಧಿವಾತದ ಪಥ್ಯಾಪಥ್ಯಗಳನ್ನು ವಿವರಿಸಿ, ಅದರ ಚಿಕಿತ್ಸಾಕ್ರಮವನ್ನು ಈ ತಿಂಗಳು ಬರೆಯುವುದಾಗಿ ಸದ್ಭಕ್ತರಿಗೆ ಮಾತು ಕೊಟ್ಟಿದ್ದೆವು. ಆ ಮಾತನ್ನು ಒಂದು ತಿಂಗಳ ಮಟ್ಟಿಗೆ ಮುಂದೂಡುತ್ತಿದ್ದೇವೆ. ಅದಕ್ಕೆ ಕಾರಣರಾದವರು, ಈಚೆಗೆ ಒಂದು ಸಂಜೆ ಸಿರವಾರದ ನಮ್ಮ ಚಿಕಿತ್ಸಾಲಯದ ಬೆಂಚಿನ ಮೇಲೆ ಬಂದು ಕುಳಿತ ಇಬ್ಬರು ಯುವಕರು.

ಕವಿತಾಳ ರಸ್ತೆಯ ಒಂದು ತಿರುವಿನಲ್ಲಿ ಅವರ ಮೋಟಾರ್ ಸೈಕಲ್‌ಗಳು ಒಂದಕ್ಕೊಂದು ತಾಗಿದ್ದವು. ಶಿವಕೃಪೆಯಿಂದ ಮೊಣಕಾಲು, ಮೊಣಕೈ ತರಚಿದ್ದನ್ನು ಬಿಟ್ಟರೆ ಇಬ್ಬರಿಗೂ ಹೆಚ್ಚಿನ ಪೆಟ್ಟಾಗಿರಲಿಲ್ಲ. ಗಾಯ ತೊಳೆದು ಪಟ್ಟಿ ಕಟ್ಟುವಾಗ ಮೊದಲನೆಯವನು ಹೇಳಿದ: “ಸಾಹೇಬ್ರ, ನಾ ಹನ್ನೆರಡು ವರ್ಷದಿಂದ ಗಾಡಿ ಹೊಡಿಯಾಕತ್ತೀನ್ರಿ. ನನ್ನ ಕೈಯಾಗ ಎಂದೂ ತಪ್ಪಾಗಿಲ್ಲ. ಇಂಥವರ ಸಲುವಾಗಿ ನಾವು ಸಾಯಬೇಕ್ರಿ.” ಅವನು ಹೊರಗೆ ಹೋದ ಬಳಿಕ ಒಳಗೆ ಬಂದ ಎರಡನೆಯವನು, ವರ್ಷಗಳ ಲೆಕ್ಕವೊಂದನ್ನು ಬಿಟ್ಟು, ಹೆಚ್ಚುಕಡಿಮೆ ಅದೇ ಮಾತನ್ನು ಮೊದಲನೆಯವನ ಕುರಿತು ಹೇಳಿದ. ನಮಗೆ ಕುತೂಹಲವಾಯಿತು. ಸಿರವಾರದಲ್ಲಿ ಗಾಡಿ ಹೊಡೆಯುವ ನೂರು ಜನರನ್ನು, ಚೆನ್ನಾಗಿ ಹೊಡೆಯುವವರು ಮುಂದೆ, ಬಾರದವರು ಹಿಂದೆ ಎಂಬಂತೆ ಸಾಲಾಗಿ ನಿಲ್ಲಿಸಿದರೆ ನೀನು ಎಷ್ಟನೆಯವನಾಗಿ ನಿಲ್ಲುವೆ ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆವು. ಮೊದಲನೆಯವನು “ಹತ್ತರೊಳಗ ಬರ್ತೀನ್ರಿ” ಎಂದ. ಎರಡನೆಯವನು ಸ್ವಲ್ಪ ಯೋಚಿಸಿ, “ಇಪ್ಪತ್ತರಾಗ ಹಿಡೀರಿ” ಎಂದ.

ನಾವು ಮನಸ್ಸಿನಲ್ಲೇ ನಕ್ಕೆವು. ಆದರೆ ಆ ರಾತ್ರಿ ಅದೇ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಂಡಾಗ ನಗು ನಿಂತಿತು. ನಾವೂ ಹತ್ತರೊಳಗೇ ನಿಂತುಬಿಟ್ಟಿದ್ದೆವು. ನಮ್ಮ ವಿಷಯವನ್ನು ಮುಂದೆ ಹೇಳುತ್ತೇವೆ.

ಈ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ, ಶಾಸ್ತ್ರೀಯವಾದ ರೀತಿಯಲ್ಲಿ ಕೇಳಿದವರಿದ್ದಾರೆ. 1981ರಲ್ಲಿ ಓಲಾ ಸ್ವೆನ್‌ಸನ್ ಎಂಬ ಸ್ವೀಡನ್ ದೇಶದ ಮನಶ್ಶಾಸ್ತ್ರಜ್ಞರು ತಮ್ಮ ದೇಶದ ಹಾಗೂ ಅಮೆರಿಕದ ವಿದ್ಯಾರ್ಥಿಗಳಿಗೆ, ನಿಮ್ಮ ಗುಂಪಿನ ಇತರ ಚಾಲಕರಿಗೆ ಹೋಲಿಸಿದರೆ ನಿಮ್ಮ ಚಾಲನಾ ಕೌಶಲ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ತಾವು ಸಾಲಿನ ಮೇಲರ್ಧದಲ್ಲಿ ಇದ್ದೇವೆ ಎಂದು ಅಮೆರಿಕದವರಲ್ಲಿ ಶೇಕಡ 93 ಜನ, ಸ್ವೀಡನ್ನಿನವರಲ್ಲಿ ಶೇಕಡ 69 ಜನ ಉತ್ತರಿಸಿದರು. ಕೌಶಲದ ಬದಲು ಸುರಕ್ಷತೆಯನ್ನು ಕುರಿತು ಕೇಳಿದಾಗಲೂ ಕ್ರಮವಾಗಿ 88 ಮತ್ತು 77 ಜನರ ಉತ್ತರ ಅದೇ ಆಗಿತ್ತು. ನೂರು ಜನರ ಸಾಲಿನ ಮೇಲರ್ಧದಲ್ಲಿ ಐವತ್ತು ಜನರಿಗೆ ಮಾತ್ರ ಸ್ಥಳವಿರುತ್ತದೆ. ಉಳಿದ ನಲವತ್ತಕ್ಕೂ ಹೆಚ್ಚು ಜನ ಯಾರ ಸ್ಥಳದಲ್ಲಿ ನಿಂತಿದ್ದಾರೆ?

ಲೆಕ್ಕ ಬಲ್ಲ ಓದುಗರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಹತ್ತು ಜನ ಚಾಲಕರಲ್ಲಿ ಒಬ್ಬನೇ ಹತ್ತು ಅಪಘಾತ ಮಾಡಿ, ಉಳಿದ ಒಂಬತ್ತು ಜನ ಒಂದನ್ನೂ ಮಾಡದಿದ್ದರೆ, ಸರಾಸರಿ ತಲಾ ಒಂದು ಅಪಘಾತವಾಗುತ್ತದೆ. ಆಗ ಒಂಬತ್ತು ಜನರೂ ಸರಾಸರಿಗಿಂತ ಉತ್ತಮರೆಂಬುದು ಸತ್ಯವೇ. ಆಕ್ಷೇಪ ಸರಿಯಾದದ್ದು. ಆದರೆ ಸ್ವೆನ್‌ಸನ್ನರು ಕೇಳಿದ್ದು ಸರಾಸರಿಯನ್ನಲ್ಲ, ಸಾಲಿನಲ್ಲಿ ನಿಲ್ಲುವ ಸ್ಥಾನವನ್ನು. ಸಾಲಿನ ನಡುವೆ ಎಳೆದ ಗೆರೆಯ ಎರಡೂ ಕಡೆ ಸಮಸಂಖ್ಯೆಯ ಜನರೇ ಇರಬೇಕಾಗುತ್ತದೆ.

ಇದಕ್ಕಿಂತಲೂ ನಮ್ಮ ಮನಸ್ಸನ್ನು ತಟ್ಟಿದ್ದು ಇನ್ನೂ ಹಳೆಯದಾದ ಒಂದು ಅಧ್ಯಯನ. 1965ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಪ್ರೆಸ್ಟನ್ ಮತ್ತು ಹ್ಯಾರಿಸ್ ಎಂಬ ಸಂಶೋಧಕರು, ಅಪಘಾತಕ್ಕೆ ಸಿಕ್ಕು ಆಸ್ಪತ್ರೆ ಸೇರಿದ್ದ 50 ಚಾಲಕರನ್ನು ಮಾತನಾಡಿಸಿದರು. ಪೊಲೀಸ್ ದಾಖಲೆಗಳ ಪ್ರಕಾರ ಅವರಲ್ಲಿ 34 ಜನರ ಅಪಘಾತಕ್ಕೆ ಅವರೇ ಹೊಣೆಗಾರರಾಗಿದ್ದರು. ಅಪಘಾತವನ್ನೇ ಕಾಣದ, ವಯಸ್ಸು ಮುಂತಾದವುಗಳಲ್ಲಿ ಇವರನ್ನೇ ಹೋಲುವ ಇನ್ನೂ 50 ಚಾಲಕರಿಗೆ ಅದೇ ಪ್ರಶ್ನೆಗಳನ್ನು ಹಾಕಲಾಯಿತು. ಎರಡೂ ಗುಂಪಿನವರು ತಮ್ಮನ್ನು ತಾವು ನಿಪುಣರ ಹತ್ತಿರಕ್ಕೇ ಇರಿಸಿಕೊಂಡರು. ಎರಡರ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಕೈಕಾಲು ಮುರಿದು ಹಾಸಿಗೆಯ ಮೇಲೆ ಮಲಗಿದ್ದರೂ ತನ್ನ ಕೌಶಲದ ಕುರಿತಾದ ನಂಬಿಕೆಯ ಒಂದು ಎಳೆಯೂ ಮುರಿದಿರಲಿಲ್ಲ. ನಮ್ಮ ಬೆಂಚಿನ ಮೇಲಿನ ಯುವಕರು ಸಿಯಾಟಲ್‌ನವರಿಗಿಂತ ಬೇರೆಯಾಗಿರಲಿಲ್ಲ.

ಹೀಗೇಕೆ? ಇದನ್ನು ಬರಿಯ ಅಹಂಕಾರವೆಂದು ಬಗೆದರೆ ನಾವು ಅರ್ಧ ಕಾರಣವನ್ನಷ್ಟೇ ಹಿಡಿದಂತೆ. ಅತ್ಯಂತ ವಿನಯಶೀಲರಾದ, ನಾಲ್ಕು ಜನರಲ್ಲಿ ತಲೆ ಎತ್ತಿ ಮಾತನಾಡದ ವ್ಯಕ್ತಿಗಳೂ ಸ್ಟೀರಿಂಗ್ ಹಿಡಿದಾಗ ಹೀಗೇ ಭಾವಿಸುವುದನ್ನು ಕಂಡಿದ್ದೇವೆ.

ಮೊದಲ ಕಾರಣ, ಚೆನ್ನಾಗಿ ಗಾಡಿ ಹೊಡೆಯುವುದು ಎಂದರೆ ಏನೆಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಅಳತೆ. ರಾಯಚೂರಿನಿಂದ ಕಲ್ಲೂರಿನ ಮೇಲೆ ಸಿರವಾರಕ್ಕೆ ಎಲ್ಲರಿಗಿಂತ ಬೇಗ ಮುಟ್ಟಿಸುವವನಿಗೆ ವೇಗವೇ ಕೌಶಲ. ಹತ್ತಿಯ ಲೋಡು ತುಂಬಿದ ಲಾರಿಯನ್ನು ಇಕ್ಕಟ್ಟಾದ ಸೇತುವೆಯ ಮೇಲೆ ಹಿಮ್ಮುಖವಾಗಿ ತೆಗೆಯಬಲ್ಲವನಿಗೆ ಅದೇ ಕೌಶಲ. ಮೂವತ್ತರ ಮೇಲೆ ಮುಳ್ಳು ಏರಲು ಬಿಡದ ನಮ್ಮ ಹಿರಿಯ ಮಿತ್ರರೊಬ್ಬರಿಗೆ ನಿಧಾನವೇ ಕೌಶಲ. ಅವರ ಹಿಂದೆ ಹತ್ತು ಗಾಡಿಗಳು ಸಾಲುಗಟ್ಟಿ, ತಾಳ್ಮೆಗೆಟ್ಟು, ತಿರುವಿನಲ್ಲೇ ಓವರ್‌ಟೇಕ್‌ಗೆ ಮುನ್ನುಗ್ಗುವುದು ಅವರ ಲೆಕ್ಕಕ್ಕೆ ಬರುವುದಿಲ್ಲ. ಪ್ರತಿಯೊಬ್ಬರೂ ತಮಗೆ ಬಲ್ಲದ್ದನ್ನೇ ಪರೀಕ್ಷೆಯ ವಿಷಯವನ್ನಾಗಿ ಇಟ್ಟುಕೊಂಡು ತಮಗೆ ತಾವೇ ಅಂಕ ಹಾಕಿಕೊಳ್ಳುವುದರಿಂದ ಎಲ್ಲರೂ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುತ್ತಾರೆ.

ಎರಡನೆಯ ಕಾರಣವನ್ನು ವೈದ್ಯರಾದ ನಾವು ಬೇಗ ಗುರುತಿಸಬಲ್ಲೆವು. ರಕ್ತದೊತ್ತಡ ಏರಿದ ರೋಗಿಗೆ ವರ್ಷಗಟ್ಟಲೆ ಏನೂ ಅನಿಸುವುದಿಲ್ಲ. “ನನಗೇನೂ ತ್ರಾಸಿಲ್ಲರಿ” ಎನ್ನುತ್ತಲೇ ಗುಳಿಗೆ ನಿಲ್ಲಿಸುತ್ತಾನೆ. ತ್ರಾಸವಾದ ದಿನ ಬಾಯಿ ಸೊಟ್ಟಗಾಗಿರುತ್ತದೆ. ಚಾಲನೆಯ ತಪ್ಪೂ ಹಾಗೆಯೇ. ತಿರುವಿನಲ್ಲಿ ಎಡಗಡೆಯನ್ನು ಬಿಟ್ಟು ನಡುರಸ್ತೆಗೆ ಬಂದವನಿಗೆ ನೂರರಲ್ಲಿ ತೊಂಬತ್ತೊಂಬತ್ತು ಸಲ ಎದುರಿಗೆ ಯಾರೂ ಬರುವುದಿಲ್ಲ. ನೂರನೆಯ ಸಲ ಬಂದರೂ ಎದುರಿನವನು ಬ್ರೇಕ್ ಹಾಕಿ ಉಳಿಸಿರುತ್ತಾನೆ. ಉಳಿದದ್ದು ಎದುರಿನವನ ಜಾಗ್ರತೆಯಿಂದ. ನಾವು ಅದನ್ನು ಬರೆದುಕೊಳ್ಳುವುದು ನಮ್ಮ ಕೌಶಲದ ಖಾತೆಯಲ್ಲಿ. ತಪ್ಪು ಮಾಡಿದವನಿಗೆ ಒಡನೆಯೇ ಶಿಕ್ಷೆಯಾಗಿದ್ದರೆ ಮನುಷ್ಯ ಕಲಿಯುತ್ತಿದ್ದ. ರಸ್ತೆಯಾದರೋ ಬಹುಕಾಲ ಕ್ಷಮಿಸುತ್ತದೆ, ಆಮೇಲೆ ಒಮ್ಮೆಲೇ ಲೆಕ್ಕ ಚುಕ್ತಾ ಮಾಡುತ್ತದೆ. ಆದ್ದರಿಂದ “ಇಪ್ಪತ್ತು ವರ್ಷದಿಂದ ಒಂದು ಗೀರೂ ಬಿದ್ದಿಲ್ಲ” ಎಂಬ ಮಾತು ಆರೋಗ್ಯದ ಪ್ರಮಾಣಪತ್ರವಲ್ಲ.

ಇನ್ನು, ಬೇರೆಯವರ ತಪ್ಪನ್ನು ನಾವು ಹೊರಗಿನಿಂದ ಕಾಣುತ್ತೇವೆ, ನಮ್ಮದನ್ನು ಒಳಗಿನಿಂದ. ದೀಪ ಹಾಕದೆ ಅಡ್ಡ ಬಂದ ಟ್ರ್ಯಾಕ್ಟರಿನವನು ನಮಗೆ ದಡ್ಡ. ನಾವು ಇಂಡಿಕೇಟರ್ ಹಾಕದೆ ಬಲಕ್ಕೆ ತಿರುಗಿದ್ದಕ್ಕೆ ಮಾತ್ರ, ಫೋನ್ ಬಂದಿತ್ತು, ಮಗುವಿಗೆ ಜ್ವರವಿತ್ತು, ಹಿಂದೆ ಯಾರೂ ಇರಲಿಲ್ಲ ಎಂಬ ಕಾರಣಗಳು ಸಿದ್ಧವಾಗಿರುತ್ತವೆ.

ತರಬೇತಿ ಹೆಚ್ಚಿಸಿದರೆ ಈ ದೋಷ ಹೋದೀತು ಎಂದು ಯಾರಿಗಾದರೂ ತೋರಬಹುದು. ನಾವೂ ಹಾಗೆಯೇ ಎಣಿಸಿದ್ದೆವು. ಆದರೆ ಸ್ವೀಡನ್ನಿನಲ್ಲಿ 1996ರಲ್ಲಿ ಪ್ರಕಟವಾದ ಒಂದು ಪ್ರಯೋಗ ಬೇರೆಯದನ್ನೇ ತೋರಿಸಿತು. ಗಾಡಿ ಕಲಿಯುತ್ತಿದ್ದ ಯುವಕರ ಒಂದು ಗುಂಪಿಗೆ ಜಾರುವ ರಸ್ತೆಯಲ್ಲಿ ಬ್ರೇಕ್ ಹಿಡಿಯುವ, ಗಾಡಿ ತಪ್ಪಿಸುವ ಕೈಚಳಕ ಕಲಿಸಿದರು. ಇನ್ನೊಂದು ಗುಂಪಿಗೆ ಅಂಥ ರಸ್ತೆಯಲ್ಲಿ ತಮ್ಮ ಕೈಚಳಕ ಹೇಗೆ ಸಾಲದೆ ಹೋಗುತ್ತದೆ ಎಂಬುದನ್ನು ಮನಗಾಣಿಸಿದರು. ಪರೀಕ್ಷೆಯಲ್ಲಿ ಎರಡೂ ಗುಂಪಿನವರ ಸಾಮರ್ಥ್ಯ ಒಂದೇ ಬಂತು. ಆದರೆ ಮೊದಲ ಗುಂಪಿನವರು ತಮ್ಮ ಸಾಮರ್ಥ್ಯವನ್ನು ಎರಡನೆಯವರಿಗಿಂತ ಹೆಚ್ಚೆಂದು ಅಂದಾಜು ಮಾಡಿಕೊಂಡಿದ್ದರು. ನೆರೆಯ ನಾರ್ವೆಯಲ್ಲಂತೂ ಹಿಮದ ರಸ್ತೆಯ ಇಂಥ ತರಬೇತಿಯನ್ನು ಕಡ್ಡಾಯಗೊಳಿಸಿದ ಮೇಲೆ ತರುಣರ ಅಪಘಾತಗಳು ಇಳಿಯುವ ಬದಲು ಏರಿದವು. ವಿದ್ಯೆಗಿಂತ ವಿದ್ಯೆಯ ಭರವಸೆ ಮುಂದೆ ಓಡಿತ್ತು.

ಇದನ್ನು ಓದಿದಾಗ ನಮಗೆ ನೆನಪಾದದ್ದು ಚರಕಾಚಾರ್ಯರ ಪ್ರಜ್ಞಾಪರಾಧದ ವಿವೇಚನೆ. ರೋಗದ ಕಾರಣಗಳನ್ನು ಹೇಳುವಾಗ ಚರಕಸಂಹಿತೆಯು ಅಹಿತಕರವಾದ ಇಂದ್ರಿಯಾರ್ಥ ಸಂಯೋಗ, ಕಾಲ ಇವುಗಳ ಜೊತೆಗೆ ಪ್ರಜ್ಞಾಪರಾಧವನ್ನೂ ಹೇಳುತ್ತದೆ. ಧೀ ಎಂದರೆ ಇದ್ದುದನ್ನು ಇದ್ದಂತೆ ತಿಳಿಯುವ ಬುದ್ಧಿ. ಧೃತಿ ಎಂದರೆ ತಿಳಿದ ಮೇಲೆ ಮನಸ್ಸನ್ನು ತಡೆದು ಹಿಡಿಯುವ ಶಕ್ತಿ. ಸ್ಮೃತಿ ಎಂದರೆ ಹಿಂದೆ ಕಂಡು ಉಂಡದ್ದರ ನೆನಪು. ಈ ಮೂರೂ ತಮ್ಮ ನೆಲೆಯಿಂದ ಜಾರಿದಾಗ ಮಾಡುವ ಅಶುಭಕರ್ಮವೇ ಪ್ರಜ್ಞಾಪರಾಧ. ಇದರ ಕಷ್ಟವೇನೆಂದರೆ, ತಪ್ಪನ್ನು ಹಿಡಿಯಬೇಕಾದ ಬುದ್ಧಿಯೇ ಇಲ್ಲಿ ತಪ್ಪಿರುತ್ತದೆ. ಕಣ್ಣಿನ ದೋಷವನ್ನು ಅದೇ ಕಣ್ಣಿನಿಂದ ನೋಡಿ ತಿಳಿಯುವುದು ಸಾಧ್ಯವೇ? ಅಪಘಾತವನ್ನು ಹಣೆಬರಹವೆಂದು ಕರೆದು ಸುಮ್ಮನಾಗುವ ನಮ್ಮ ಜನ ಈ ಶಬ್ದವನ್ನು ಒಮ್ಮೆ ಮನನ ಮಾಡಬೇಕು. ಇದು ಹಣೆಯ ಮೇಲೆ ಬರೆದದ್ದಲ್ಲ, ಹಣೆಯ ಒಳಗೆ ನಡೆಯುವಂಥದ್ದು.

ವೈದ್ಯರು ಇದಕ್ಕೆ ಹೊರತಲ್ಲವೆಂಬುದನ್ನೂ ಚರಕರು ಬಲ್ಲವರಾಗಿದ್ದರು. ಪ್ರಾಣವನ್ನು ಕಾಯುವ ವೈದ್ಯ, ರೋಗವನ್ನು ಬೆಳೆಸುವ ವೈದ್ಯ ಎಂದು ಎರಡು ಬಗೆ ಮಾಡಿ, ಎರಡನೆಯವನು ತನ್ನನ್ನು ತಾನೇ ಹೊಗಳಿಕೊಳ್ಳುತ್ತ ರೋಗಿಗಳನ್ನು ಹುಡುಕಿ ತಿರುಗುವನೆಂದು ಸೂತ್ರಸ್ಥಾನದಲ್ಲಿ ವರ್ಣಿಸಿದ್ದಾರೆ. ನಮ್ಮ ವೃತ್ತಿಬಾಂಧವರ ಹೆಸರಿನ ಫಲಕಗಳನ್ನು ನೋಡುವಾಗ ಆಗಾಗ ಆ ವರ್ಣನೆ ನೆನಪಾಗುವುದುಂಟು.

ಧೀ ಜಾರುವುದಕ್ಕೆ ಅತ್ಯಂತ ಸಾಮಾನ್ಯವಾದ ಕಾರಣ ನಿದ್ರೆ. ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರದ ಮೂರು ಉಪಸ್ತಂಭಗಳೆಂದು ಶಾಸ್ತ್ರವು ಹೇಳುತ್ತದೆ. ತಡೆಯಬಾರದ ಹದಿಮೂರು ವೇಗಗಳ ಪಟ್ಟಿಯಲ್ಲಿ ಹಸಿವೆ, ನೀರಡಿಕೆಗಳ ಜೊತೆಗೆ ಆಕಳಿಕೆಯೂ ಇದೆ, ನಿದ್ರೆಯೂ ಇದೆ. ನಮ್ಮ ಚಾಲಕರು ತಡೆಯುವುದು ಈ ನಾಲ್ಕನ್ನೇ. ನಿದ್ರೆಗೆಟ್ಟವನ ಸ್ವವಿಮರ್ಶೆ ಎಷ್ಟು ನಂಬಲರ್ಹವೆಂಬುದನ್ನು 2003ರಲ್ಲಿ ಪ್ರಕಟವಾದ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದು ಸ್ಪಷ್ಟಪಡಿಸಿದೆ. ಆರೋಗ್ಯವಂತರನ್ನು ಹದಿನಾಲ್ಕು ದಿನಗಳ ಕಾಲ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿಸಲಾಯಿತು. ದಿನದಿಂದ ದಿನಕ್ಕೆ ಅವರ ಎಚ್ಚರ ಕುಗ್ಗುತ್ತ ಹೋಗಿ, ಕೊನೆಗೆ ಎರಡು ರಾತ್ರಿ ಪೂರ್ಣ ನಿದ್ರೆಗೆಟ್ಟವರ ಮಟ್ಟವನ್ನು ಮುಟ್ಟಬಹುದಾದಷ್ಟಾಯಿತು. ಆದರೆ ನಿಮಗೆ ನಿದ್ರೆ ಬರುತ್ತಿದೆಯೇ ಎಂದು ಕೇಳಿದರೆ, ಸ್ವಲ್ಪ ಮಾತ್ರ ಎಂದೇ ಅವರು ಹೇಳುತ್ತಿದ್ದರು. ಎಚ್ಚರ ಇಳಿದಿತ್ತು; ಇಳಿದಿದೆಯೆಂಬ ಅರಿವು ಅದರ ಜೊತೆಗೆ ಇಳಿದಿತ್ತು.

1997ರ ಇನ್ನೊಂದು ಪ್ರಯೋಗದಲ್ಲಿ, ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆಯು 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯವಿದ್ದವನ ಮಟ್ಟಕ್ಕೆ ಇಳಿಯುವುದು ಕಂಡುಬಂದಿತು. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯು ಚಾಲಕನಿಗೆ ಅನುಮತಿಸುವ ಮಿತಿ 30 ಮಿಲಿಗ್ರಾಂ. ನಸುಕಿನ ಐದಕ್ಕೆ ಎದ್ದು, ಹೊಲದ ಕೆಲಸ ಮುಗಿಸಿ, ರಾತ್ರಿ ಹತ್ತಕ್ಕೆ ಸ್ಟೀರಿಂಗ್ ಹಿಡಿದ ನಿರ್ವ್ಯಸನಿಯಾದ ಭಕ್ತನು, ಒಂದು ಹನಿ ಮುಟ್ಟದೆಯೂ, ಕುಡುಕನ ಸ್ಥಿತಿಯನ್ನು ಮುಟ್ಟಿರಬಹುದು. ಅವನ ಬಾಯಿಂದ ವಾಸನೆ ಬರುವುದಿಲ್ಲ, ಪೊಲೀಸರ ಯಂತ್ರ ಕೂಗುವುದಿಲ್ಲ, ಅವನ ಆತ್ಮಸಾಕ್ಷಿಯೂ ಚುಚ್ಚುವುದಿಲ್ಲ.

ನಮ್ಮ ಭಾಗದವರಿಗೆ ರಾತ್ರಿ ಪ್ರಯಾಣ ಹೊಸದಲ್ಲ. ಮಳೆ ಕೈಕೊಟ್ಟಾಗ, ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದಾದಾಗ, ಸಿರವಾರ, ಮಾನ್ವಿ, ದೇವದುರ್ಗದ ಹಳ್ಳಿಗಳಿಂದ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಬಸ್ಸಿನ ಖರ್ಚು ಉಳಿಯಲೆಂದು, ಮನೆಯ ಮುಂದೆಯೇ ಬಂದು ಹತ್ತಿಸಿಕೊಳ್ಳುವ ಕ್ರೂಸರ್‌ಗಳಲ್ಲಿ ಮಕ್ಕಳು, ಮೂಟೆ, ಪಾತ್ರೆಗಳ ಸಮೇತ ಕುಳಿತು ರಾತ್ರಿಯಿಡೀ ಸಾಗುತ್ತಾರೆ. 2022ರ ಆಗಸ್ಟ್ 25ರ ನಸುಕಿನಲ್ಲಿ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ, ನಮ್ಮ ಜಿಲ್ಲೆಯ ಕೂಲಿಕಾರರು ತುಂಬಿದ್ದ ಇಂಥ ವಾಹನವೊಂದಕ್ಕೂ ಲಾರಿಗೂ ನಡೆದ ಅಪಘಾತದಲ್ಲಿ 9 ಜನ ಅಸುನೀಗಿದರು. ಸತ್ತವರಲ್ಲಿ ಮಕ್ಕಳೂ ಇದ್ದರು. ಆ ದಿನ ಈ ಭಾಗದ ಊರುಗಳಲ್ಲಿ ಎದ್ದ ಗೋಳನ್ನು ಕೇಳಿದವರು ಮರೆಯಲಾರರು. 2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ಬೆಳಗ್ಗೆ, ಮಾನ್ವಿ ತಾಲ್ಲೂಕಿನ ಕಪಗಲ್ ಹತ್ತಿರ ಶಾಲಾ ವಾಹನಕ್ಕೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಮಕ್ಕಳು ಪ್ರಾಣ ಕಳೆದುಕೊಂಡರು. ಈ ಎರಡು ಘಟನೆಗಳಲ್ಲಿ ತಪ್ಪು ಯಾರದೆಂದು ನಿರ್ಣಯಿಸುವುದು ನಮ್ಮ ಕೆಲಸವಲ್ಲ, ನಮ್ಮ ಉದ್ದೇಶವೂ ಅಲ್ಲ. ಸ್ಟೀರಿಂಗ್ ಹಿಡಿದವನ ಅಂದಾಜಿನ ಮೇಲೆ ಹಿಂದೆ ಕುಳಿತ ಎಷ್ಟು ಜೀವಗಳು ನಿಂತಿರುತ್ತವೆ ಎಂಬುದನ್ನು ನೆನಪಿಸಲು ಹೇಳಿದೆವು. ದೇಶದ ಲೆಕ್ಕ ಬೇಕೆಂದರೆ, 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತೈದು ಜನ ದ್ವಿಚಕ್ರ ವಾಹನದ ಮೇಲಿದ್ದವರು.

ನಿದ್ರೆ ಬಂದಾಗ ಚಾಲಕರು ಮಾಡುವ ಉಪಾಯಗಳು ನಮಗೆಲ್ಲ ಗೊತ್ತು: ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು, ಎಲೆಅಡಿಕೆ, ಗುಟ್ಕಾ. ಕಿಟಕಿಯ ಗಾಳಿ, ಹಾಡುಗಳ ಪರಿಣಾಮ ಅತ್ಯಲ್ಪ, ಅದೂ ಕೆಲವೇ ನಿಮಿಷ. ಗುಟ್ಕಾದ ಕುರಿತು ಈ ಪುಟದಲ್ಲಿ ಬೇಕಾದಷ್ಟು ಬರೆದಿದ್ದೇವೆ. ಪರೀಕ್ಷಿಸಿ ಕಂಡುಕೊಂಡ ಉಪಾಯವೆಂದರೆ ಗಾಡಿಯನ್ನು ರಸ್ತೆಯಿಂದ ಪೂರ್ಣ ಕೆಳಗಿಳಿಸಿ ನಿಲ್ಲಿಸಿ, ಒಂದು ಲೋಟ ಗಟ್ಟಿ ಕಾಫಿ ಕುಡಿದು, ಹದಿನೈದು-ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದು. ಕಾಫಿಯ ಗುಣ ಏರುವ ಹೊತ್ತಿಗೆ ಎಚ್ಚರವಾಗುತ್ತದೆ. ಇದೂ ಮುಂದಿನ ಊರಿನವರೆಗಿನ ಉಪಾಯವೇ ಹೊರತು ರಾತ್ರಿಯ ನಿದ್ರೆಗೆ ಬದಲಿಯಲ್ಲ. ಯುಗಾದಿಯ ಸಮಯದಲ್ಲಿ ಶ್ರೀಶೈಲಕ್ಕೆ ಹೋಗಿ, ದರ್ಶನ ಮುಗಿಸಿದ ಕೂಡಲೇ ಅದೇ ಚಾಲಕನನ್ನು ಅದೇ ರಾತ್ರಿ ಹೊರಡಿಸಿಕೊಂಡು ಬರುವ ಸದ್ಭಕ್ತರಲ್ಲಿ ನಮ್ಮ ವಿಶೇಷ ವಿನಂತಿ: ಅವನನ್ನು “ನಿದ್ದೆ ಬಂದೈತೇನಪ್ಪಾ?” ಎಂದು ಕೇಳಬೇಡಿರಿ. ಅವನು ಇಲ್ಲವೆಂದೇ ಹೇಳುತ್ತಾನೆ, ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಕಡೆಯ ಸಲ ಎಷ್ಟು ಗಂಟೆಗೆ ಮಲಗಿ ಎಷ್ಟಕ್ಕೆ ಎದ್ದೆ ಎಂದು ಕೇಳಿರಿ. ಗಡಿಯಾರಕ್ಕೆ ಅಹಂಕಾರವಿಲ್ಲ. ಅದೇ ದಿನಗಳಲ್ಲಿ ರಸ್ತೆಯ ಅಂಚಿನಲ್ಲಿ ಪಾದಯಾತ್ರಿಗಳೂ ಸಾಲುಸಾಲಾಗಿ ನಡೆಯುತ್ತಿರುತ್ತಾರೆಂಬುದು ನೆನಪಿರಲಿ.

ಬುದ್ಧಿಯನ್ನು ಮಸುಕುಗೊಳಿಸಿ, ಮಸುಕಾದದ್ದು ತಿಳಿಯದಂತೆ ಮಾಡುವ ಇತರ ಕಾರಣಗಳನ್ನು ಸಂಕ್ಷೇಪವಾಗಿ ಹೇಳುವೆವು. ಮದ್ಯದ ಮಾತು ಎಲ್ಲರಿಗೂ ತಿಳಿದದ್ದೇ. ಎರಡು ಗುಟುಕಿಗೆ ಕೈ ನಡುಗುವ ಮೊದಲೇ ಧೈರ್ಯ ಏರುತ್ತದೆ, ಅಪಾಯವಿರುವುದು ಆ ಧೈರ್ಯದಲ್ಲಿ. ನೆಗಡಿ, ತುರಿಕೆಗಳಿಗೆ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಗುಳಿಗೆಗಳಲ್ಲಿ ಹಲವು ಮಂಪರು ತರುತ್ತವೆ. ನಮ್ಮ ಪದ್ಧತಿಯ ಔಷಧಿಗಳೆಲ್ಲ ನಿರಪಾಯವೆಂಬ ಭ್ರಮೆಯೂ ಬೇಡ. ಜಾಯಿಕಾಯಿ, ತಗರ, ಸರ್ಪಗಂಧ ಸೇರಿದ ಯೋಗಗಳನ್ನು ನಿದ್ರೆಗೆಂದೇ ಕೊಡುತ್ತೇವೆ. ಅವನ್ನು ಸೇವಿಸಿ ಗಾಡಿ ಹತ್ತಬಾರದು. ಆಸವ-ಅರಿಷ್ಟಗಳಲ್ಲಿ ಸಂಧಾನದಿಂದ ತಾನಾಗಿ ಹುಟ್ಟಿದ ಮದ್ಯಾಂಶವಿರುತ್ತದೆ. ಹೇಳಿದ ಪ್ರಮಾಣದಲ್ಲಿ ಅದು ಬಾಧಕವಲ್ಲ. ಆದರೆ ಸೀಸೆಯನ್ನೇ ಬರಿದು ಮಾಡುವ ಮಹನೀಯರನ್ನೂ ನಾವು ಬಲ್ಲೆವು. ಮಧುಮೇಹಿಗಳು ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿ ಗಾಡಿ ಹೊಡೆಯುವಾಗ ಸಕ್ಕರೆ ಇಳಿದರೆ, ಬೆವರು, ನಡುಕಗಳ ಜೊತೆಗೆ ವಿವೇಚನೆಯೂ ತಪ್ಪುತ್ತದೆ. “ಇನ್ನೊಂದು ಐದು ಕಿಲೋಮೀಟರ್, ಊರು ಬಂತಲ್ಲ” ಎಂದು ಅನಿಸುವುದು ಆ ತಪ್ಪಿದ ವಿವೇಚನೆಯಿಂದಲೇ. ಜೇಬಿನಲ್ಲಿ ಬೆಲ್ಲದ ತುಂಡೊಂದು ಇರಲಿ, ಗಾಡಿ ನಿಲ್ಲಿಸಿ ಬಾಯಿಗೆ ಹಾಕಿಕೊಳ್ಳಲಿ. ಇನ್ನು ಕೋಪ. ತಡೆಯಬಾರದ ವೇಗಗಳನ್ನು ಹೇಳಿದ ಅದೇ ಅಧ್ಯಾಯದಲ್ಲಿ ಚರಕರು ತಡೆಯಲೇಬೇಕಾದ ವೇಗಗಳನ್ನೂ ಹೇಳಿದ್ದಾರೆ; ಲೋಭ, ಭಯ, ಕ್ರೋಧ, ಈರ್ಷ್ಯೆ, ಅಭಿಮಾನಗಳು ಅವುಗಳಲ್ಲಿ ಬರುತ್ತವೆ. ತನ್ನನ್ನು ಓವರ್‌ಟೇಕ್ ಮಾಡಿದವನನ್ನು ಮತ್ತೆ ಓವರ್‌ಟೇಕ್ ಮಾಡಲೇಬೇಕೆಂಬ ಹಟದಲ್ಲಿ ಈ ಐದೂ ಒಟ್ಟಿಗೇ ಇರುತ್ತವೆಂದು ನಮಗೆ ತೋರುತ್ತದೆ.

ಈಗ ನಮ್ಮ ವಿಷಯ. ನಾವು ನಲವತ್ತು ವರ್ಷಗಳಿಂದ ವಾಹನ ನಡೆಸುತ್ತಿದ್ದೇವೆ. ಮೊದಲು ಸ್ಕೂಟರಿನ ಮೇಲೆ, ಆಮೇಲೆ ಕಾರಿನಲ್ಲಿ, ಮಳೆಗಾಲದ ಎರೆಮಣ್ಣಿನ ದಾರಿಗಳಲ್ಲಿಯೂ ರೋಗಿಗಳ ಮನೆಗೆ ಹೋಗಿ ಬಂದಿದ್ದೇವೆ. ಅಪಘಾತ ಮಾಡಿದವರಲ್ಲ. ಎರಡು ವರ್ಷಗಳ ಹಿಂದೆ ಸಂಜೆಯ ಮಬ್ಬಿನಲ್ಲಿ ದೇವದುರ್ಗದ ಕಡೆಯಿಂದ ಹಿಂದಿರುಗುವಾಗ, ಎದುರಿನ ಗಾಡಿಯ ದೀಪ ಕಣ್ಣಿಗೆ ಹೊಡೆಯಿತು. ಆ ದೀಪ ದಾಟಿದ ಬಳಿಕ ನಮ್ಮ ಮುಂದೆ ಬರೀ ಕಪ್ಪು. ಪಕ್ಕದಲ್ಲಿ ಕುಳಿತಿದ್ದ ನಮ್ಮ ಮನೆಯವರು ಚೀರಿದ್ದರಿಂದ ಬ್ರೇಕ್ ತುಳಿದೆವು. ಗಾಡಿ ನಿಂತಾಗ ಮುಂದೆ ನಾಲ್ಕು ಮಾರು ದೂರದಲ್ಲಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಅವಳ ಹಿಂದೆ ಆಕಳು. ಆಕೆ ನಮ್ಮನ್ನು ಗುರುತಿಸಿ, “ಡಾಕ್ಟ್ರು ಅದಾರ” ಎಂದು ನಕ್ಕು ಪಕ್ಕಕ್ಕೆ ಸರಿದಳು. ಆ ನಗು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಅಷ್ಟಾದರೂ ಆ ರಾತ್ರಿ ನಾವು ಹೇಳಿದ ಮಾತೇನು? “ಎದುರಿನವನು ಲೈಟ್ ಡಿಪ್ ಮಾಡಲಿಲ್ಲ.” ಅದು ಸುಳ್ಳಾಗಿರಲಿಲ್ಲ. ಆದರೆ ನಮ್ಮ ಮನೆಯವರು ಸಮಾಧಾನದಿಂದ ಹೇಳಿದರು: “ಅವನ ಲೈಟಿನಾಗ ನನಗ ಆಕಿ ಕಂಡಳಲ್ರಿ, ನಿಮಗ್ಯಾಕ ಕಾಣಲಿಲ್ಲ?” ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನೇತ್ರ ತಜ್ಞರಲ್ಲಿ ತೋರಿಸಿದಾಗ ಎರಡೂ ಕಣ್ಣಿಗೆ ಪೊರೆ ಬಂದಿರುವುದು ತಿಳಿಯಿತು. ಬಂದು ಎಷ್ಟೋ ಕಾಲವಾಗಿತ್ತು. ಪೊರೆ ದಿನಕ್ಕೆ ಕೂದಲೆಳೆಯಷ್ಟು ಬೆಳೆಯುವುದರಿಂದ, ನಿನ್ನೆಗೂ ಇಂದಿಗೂ ಅಂತರ ಕಾಣುವುದಿಲ್ಲ. ಹಳ್ಳಿಯ ವೃದ್ಧರಿಗೆ ನಿತ್ಯ “ಕಣ್ಣು ತೋರಿಸಿಕೊಳ್ರಿ” ಎಂದು ಬುದ್ಧಿ ಹೇಳುತ್ತಿದ್ದ ನಾವು ನಮ್ಮ ಕಣ್ಣನ್ನು ಆರು ವರ್ಷಗಳಿಂದ ತೋರಿಸಿರಲಿಲ್ಲ.

ವಯಸ್ಸಾದವರ ಕುರಿತು ನಡೆದ ಅಧ್ಯಯನಗಳಲ್ಲಿಯೂ, ಅವರ ಆತ್ಮವಿಶ್ವಾಸಕ್ಕೂ ಪರೀಕ್ಷಕರು ಪಕ್ಕದಲ್ಲಿ ಕುಳಿತು ನೋಡಿದ ನಿಜವಾದ ಚಾಲನೆಗೂ ಹೊಂದಿಕೆ ಕಂಡುಬರಲಿಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಪಡೆಯುವಾಗ ತುಂಬುವ ನಮೂನೆ 1 ಎಂಬುದು ತನ್ನ ದೈಹಿಕ ಅರ್ಹತೆಯನ್ನು ತಾನೇ ಘೋಷಿಸಿಕೊಳ್ಳುವ ಪತ್ರ. ಮೂರ್ಛೆ ಬರುತ್ತದೆಯೇ, ಇರುಳುಗಣ್ಣು ಇದೆಯೇ, ಕೆಂಪು-ಹಸಿರು ಬಣ್ಣಗಳನ್ನು ಗುರುತಿಸಬಲ್ಲೆಯಾ ಮುಂತಾಗಿ ಅದು ಕೇಳುತ್ತದೆ. ಏಜೆಂಟನು ಗುರುತು ಹಾಕಿದ ಕಡೆ ಸಹಿ ಮಾಡುವ ನಾವು ಅದನ್ನು ಓದುವುದೇ ಇಲ್ಲ. ನಲವತ್ತು ದಾಟಿದವರು ವೈದ್ಯರ ಪ್ರಮಾಣಪತ್ರವನ್ನೂ ತರಬೇಕಾಗುತ್ತದೆ. ಅದನ್ನು ಪಡೆಯಲು ಬಂದವರು, ಕಣ್ಣು ಪರೀಕ್ಷಿಸೋಣ ಎಂದರೆ “ನನ್ನ ಕಣ್ಣು ಛಲೋ ಅದಾವ್ರಿ, ನೀವು ಸಹಿ ಹಾಕ್ರಿ ಸಾಕು” ಎನ್ನುವುದು ವೈದ್ಯರಿಗೆಲ್ಲ ಪರಿಚಿತವಾದ ಮಾತು.

ಆ ನಮೂನೆಯ ಒಂದು ಪ್ರಶ್ನೆಯನ್ನು ಮಾತ್ರ ಪ್ರತಿಯೊಬ್ಬರೂ ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ, ಚಸ್ಮಾ ಇದ್ದರೆ ಹಾಕಿಕೊಂಡು, ಕಾರಿನ ನಂಬರ್ ಪ್ಲೇಟನ್ನು ಓದಬೇಕು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದರಿಂದ, ಬಳಿಕ ಅದಲುಬದಲಾಗಿ. ಇದಕ್ಕೆ ಹತ್ತು ರೂಪಾಯಿಯ ಖರ್ಚೂ ಇಲ್ಲ. ಓದಲಾಗದಿದ್ದರೆ ಅಭಿಪ್ರಾಯಕ್ಕೆ ಅಲ್ಲಿ ಎಡೆಯೇ ಇಲ್ಲ. ಓದಲಾದರೂ, ಗ್ಲಾಕೋಮಾದಂಥ ರೋಗದಲ್ಲಿ ನೇರ ದೃಷ್ಟಿ ಸರಿಯಿದ್ದು ಅಕ್ಕಪಕ್ಕದ ನೋಟ ಸದ್ದಿಲ್ಲದೆ ಅಳಿಯುವುದರಿಂದ, ನಲವತ್ತರ ಮೇಲಿನವರು ಎರಡು ವರ್ಷಕ್ಕೊಮ್ಮೆ, ಮಧುಮೇಹಿಗಳು ಪ್ರತಿವರ್ಷ ನೇತ್ರ ತಜ್ಞರನ್ನು ಕಾಣುವುದು ಒಳಿತು.

ಕಣ್ಣನ್ನು ಅಳೆದಂತೆ ಚಾಲನೆಯನ್ನು ಅಳೆಯುವುದು ಹೇಗೆ? ಹಿಂದೆ ಕುಳಿತವರನ್ನು ಕೇಳಬೇಕು. ಆದರೆ “ನಾನು ಹೇಗೆ ಗಾಡಿ ಹೊಡಿತೀನಿ?” ಎಂದು ಕೇಳಿದರೆ ಸೊಸೆ, ಮಗಳು, ಕೂಲಿಯ ಹೆಣ್ಣುಮಕ್ಕಳು ಯಾರೂ ನಿಜ ಹೇಳುವುದಿಲ್ಲ, ಹಿರಿಯರ ಮರ್ಯಾದೆ ಅವರಿಗೆ ಅಡ್ಡ ಬರುತ್ತದೆ. “ನನ್ನ ಜೊತಿ ಕುಂತಾಗ ಕಡೆಯ ಸಲ ನಿನಗ ಅಂಜಿಕಿ ಬಂದದ್ದು ಎಲ್ಲಿ?” ಎಂದು ಕೇಳಿರಿ. ಈ ಪ್ರಶ್ನೆಗೆ ಸ್ಥಳದ ಹೆಸರಿನ ಸಮೇತ ಉತ್ತರ ಬರುತ್ತದೆ. ನಾವು ಕೇಳಿದಾಗ ನಮ್ಮ ಮನೆಯವರು ಮೂರು ಸ್ಥಳ ಹೇಳಿದರು. ಅವುಗಳಲ್ಲಿ ಎರಡು ನಮಗೆ ನೆನಪೇ ಇರಲಿಲ್ಲ. ಟಂಟಂನಲ್ಲಿ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಯಾವ ಚಾಲಕನ ಗಾಡಿ ಹತ್ತಲು ಹಿಂಜರಿಯುತ್ತಾರೆಂಬುದು ಇಡೀ ಊರಿಗೆ ಗೊತ್ತಿರುತ್ತದೆ. ಆ ಚಾಲಕನೊಬ್ಬನಿಗೆ ಮಾತ್ರ ಗೊತ್ತಿರುವುದಿಲ್ಲ. ಮಾಲೀಕರಾದವರು ಆ ಮಾತಿಗೆ ಕಿವಿಗೊಡಬೇಕು.

ಹೆಲ್ಮೆಟ್ಟಿನ ಕುರಿತು ಒಂದೇ ಮಾತು. ಅದು ದ್ವಿಚಕ್ರ ಸವಾರನ ಮರಣವನ್ನು ಶೇಕಡ 42ರಷ್ಟು, ತಲೆಯ ಪೆಟ್ಟನ್ನು ಶೇಕಡ 69ರಷ್ಟು ಕಡಿಮೆ ಮಾಡುತ್ತದೆಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದುಬಂದಿದೆ. “ಇಲ್ಲೇ ಹೊಲಕ್ಕೆ ಹೋಗಿ ಬರ್ತೀನಿ, ನಾ ಸಾವಕಾಶ ಹೊಡಿತೀನಿ” ಎನ್ನುವವರು ತಮ್ಮ ಚಾಲನೆಯನ್ನಷ್ಟೇ ಲೆಕ್ಕ ಹಾಕಿರುತ್ತಾರೆ. ರಸ್ತೆಯ ಮೇಲೆ ಒಕ್ಕಲು ಹರವಿದ ತೊಗರಿಯನ್ನು, ಹಿಂದೆ ಕೆಂಪು ದೀಪವಿಲ್ಲದೆ ನಿಂತ ಟ್ರೇಲರನ್ನು, ಅಡ್ಡ ಓಡುವ ನಾಯಿಯನ್ನು ಅವರು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನಮ್ಮ ಬಲಗಣ್ಣಿನ ಶಸ್ತ್ರಚಿಕಿತ್ಸೆ ಮುಗಿದಿದೆ, ಎಡಗಣ್ಣಿನದು ಬಾಕಿಯಿದೆ. ಅಲ್ಲಿಯವರೆಗೆ ಸೂರ್ಯ ಮುಳುಗಿದ ಮೇಲೆ ನಾವು ಗಾಡಿ ಮುಟ್ಟುವುದಿಲ್ಲ. ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿ ಮುಗಿದ ಬಳಿಕ ನೆರೆಮನೆಯ ಹುಡುಗನೊಬ್ಬನು ನಮ್ಮನ್ನು ತನ್ನ ಕಾರಿನಲ್ಲಿ ಮನೆಗೆ ತಂದು ಬಿಡುತ್ತಾನೆ. ಒಳ್ಳೆಯ ಹುಡುಗ, ಜಾಗರೂಕ. ಆದರೂ ಕಳೆದ ತಿಂಗಳು ಹಿಂದಿನ ಸೀಟಿನಲ್ಲಿ ಕುಳಿತು ಬರುವಾಗ, ಅವನು ಬಸ್ ನಿಲ್ದಾಣದ ಹತ್ತಿರ ಗೇರ್ ಬದಲಿಸಿದ ರೀತಿಯನ್ನು ನೋಡಿ, ನಾವಾಗಿದ್ದರೆ ಇದಕ್ಕಿಂತ ಚೆನ್ನಾಗಿ ಹೊಡೆಯುತ್ತಿದ್ದೆವು ಎಂದು ನಮ್ಮ ಮನಸ್ಸು ಹೇಳಿಕೊಂಡಿತು.